ವಿಳಾಸದಲ್ಲಿ ಮೈಕ್ರೋಸಾಫ್ಟ್ ಹೆಸರಿದ್ದರೆ ಆ ವೈರಸ್ ಎಚ್ಚರಿಕೆಯನ್ನು ನಂಬಬಹುದೇ?

ಯಾವುದೋ ಪುಟ ತೆರೆದಾಗ ಪರದೆಯ ತುಂಬ ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್‌ಗಳಿವೆ’ ಎಂದು ಬಂತು, ವಿಳಾಸದಲ್ಲಿ ಮೈಕ್ರೋಸಾಫ್ಟ್ ಹೆಸರೂ ಬೀಗದ ಗುರುತೂ ಇವೆ, ಅವರು ಹೇಳುವ ಆಂಟಿವೈರಸ್ ಹಾಕಿಕೊಳ್ಳಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಬ್ರೌಸರಿನಲ್ಲಿ ತೆರೆದ ಪುಟಕ್ಕೆ ನಿಮ್ಮ ಡಿಸ್ಕಿನ ಕಡತಗಳನ್ನು ತಾನಾಗಿ ತಪಾಸಣೆ ಮಾಡುವ ಶಕ್ತಿಯೇ ಇಲ್ಲ. ನೀವು ನೋಡಿದ ‘ಸ್ಕ್ಯಾನ್’ ಬರೀ ಚಲಿಸುವ ಚಿತ್ರ. ಹಿಂದೆ ಇಂಥ ಪುಟಗಳು ಮ್ಯಾಕ್ ಬಳಸುವವರಿಗೂ ವಿಂಡೋಸ್ ಎಕ್ಸ್‌ಪಿಯ ಕಿಟಕಿಯನ್ನೇ ತೋರಿಸಿ ಹೆದರಿಸುತ್ತಿದ್ದವು!

ಇನ್ನು ವಿಳಾಸ. ಹೆಚ್ಚಿನವರು ಮೋಸಹೋಗುವುದು ಇಲ್ಲೇ, ಏಕೆಂದರೆ ನಾವು ಅದನ್ನು ಎಡದಿಂದ ಓದುತ್ತೇವೆ. ಆರಂಭದ ಎಚ್‌ಟಿಟಿಪಿಎಸ್ ಭಾಗವನ್ನು ಬಿಟ್ಟು, ನಂತರ ಬರುವ ಮೊದಲ ಓರೆಗೆರೆಯ (/) ತನಕ ಮಾತ್ರ ನೋಡಿ, ಅದನ್ನು ಬಲದಿಂದ ಓದಿ. ‘ಮೈಕ್ರೋಸಾಫ್ಟ್.ಕಾಮ್.ಇಂಥದ್ದು.ನೆಟ್’ ಎಂದಿದ್ದರೆ ಆ ತಾಣ ‘ಇಂಥದ್ದು.ನೆಟ್’ ಅನ್ನು ನೋಂದಾಯಿಸಿದವರದು. ಅದರ ಎಡಕ್ಕೆ ಅವರು ಯಾವ ಕಂಪನಿಯ ಹೆಸರನ್ನು ಬೇಕಾದರೂ ಸೇರಿಸಬಹುದು, ಯಾರೂ ತಡೆಯುವುದಿಲ್ಲ. (ಕೊನೆಯಲ್ಲಿ ‘ಕೋ.ಇನ್’ ಥರದ ಜೋಡಿ ಇದ್ದರೆ ಅದರ ಎಡಕ್ಕಿರುವ ಪದವನ್ನೂ ಸೇರಿಸಿ ಓದಬೇಕು.) ‘ಸೆಕ್ಯೂರಿಟಿ’, ‘ಆಂಟಿವೈರಸ್’ ಎಂಬ ಪದಗಳಿರುವ ಹೆಸರನ್ನೂ ಯಾರು ಬೇಕಾದರೂ ಕೊಳ್ಳಬಹುದು. ಬೀಗದ ಗುರುತು ಸಂಪರ್ಕ ಗೂಢಲಿಪಿಯಲ್ಲಿದೆ ಎಂದಷ್ಟೇ ಹೇಳುತ್ತದೆ, ಆ ತುದಿಯಲ್ಲಿರುವವರು ಒಳ್ಳೆಯವರೆಂದಲ್ಲ.

‘ಹಾಗಿದ್ದರೆ ಬ್ರೌಸರ್ ಏಕೆ ತಡೆಯಲಿಲ್ಲ?’ ಎನ್ನಬಹುದು. ಗೂಗಲ್ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಕಲಿ ಆಂಟಿವೈರಸ್ ಹರಡುವ 11,000ಕ್ಕೂ ಹೆಚ್ಚು ತಾಣದ ಹೆಸರುಗಳು, ಅಂದರೆ ಡೊಮೈನ್‌ಗಳು ಸಿಕ್ಕಿದ್ದವು. ಒಂದು ಹೆಸರು ಬ್ರೌಸರಿನ ತಡೆಪಟ್ಟಿಗೆ ಸೇರುವಷ್ಟರಲ್ಲಿ ವಂಚಕರು ಇನ್ನೊಂದಕ್ಕೆ ಹಾರಿರುತ್ತಾರೆ. ಆದ್ದರಿಂದ ಬ್ರೌಸರಿನಿಂದ ಎಚ್ಚರಿಕೆ ಬರಲಿಲ್ಲ ಎಂಬುದನ್ನೇ ಭರವಸೆ ಎಂದುಕೊಳ್ಳಬೇಡಿ.

ಈಗ ಆ ಪುಟದ ಯಾವ ಗುಂಡಿಯನ್ನೂ ಒತ್ತಬೇಡಿ, ‘ರದ್ದು’ ಎಂಬುದನ್ನೂ ಸಹ. ಅದೂ ಅವರೇ ಬರೆದಿಟ್ಟದ್ದು. ತೆರೆದಿರುವ ತಂತ್ರಾಂಶಗಳನ್ನು ಬಲವಂತವಾಗಿ ಮುಚ್ಚಿಸುವ ವಿಂಡೋಸಿನ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ, ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಬೇಡಿ. ಅಲ್ಲಿ ಕೊಟ್ಟ ದೂರವಾಣಿ ಸಂಖ್ಯೆಗೆ ಕರೆಯನ್ನೂ ಮಾಡಬೇಡಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಅನುಮಾನ ಉಳಿದರೆ ವಿಂಡೋಸ್ 10 ಮತ್ತು 11ರಲ್ಲಿ ಮೊದಲೇ ಇರುವ ಆಂಟಿವೈರಸ್ ಡಿಫೆಂಡರ್‌ನಿಂದ ಪೂರ್ಣ ತಪಾಸಣೆ ಮಾಡಿಸಿ. ಅಕಸ್ಮಾತ್ ಕಾರ್ಡಿನ ವಿವರ ಕೊಟ್ಟುಬಿಟ್ಟಿದ್ದರೆ ಮೊದಲು ಬ್ಯಾಂಕಿಗೆ ತಿಳಿಸಿ ಕಾರ್ಡನ್ನು ತಡೆಹಿಡಿಸಿ, ಕಂಪ್ಯೂಟರನ್ನು ಆಮೇಲೆ ಸರಿಪಡಿಸಿಕೊಳ್ಳಬಹುದು.