ಸೊಲಾನಾ ವೇಗ, ಇಥೀರಿಯಂ ನಿಧಾನ: ಹೀಗೇಕೆ?

ಕಲಬುರಗಿ ಗಂಜಿನ ತೊಗರಿ ಸುಗ್ಗಿ ನೆನಪಿಸಿಕೊಳ್ಳಿ: ಚೀಲಗಳ ಸಾಲು ಉದ್ದ, ಕಾಟಾ ಒಂದೇ. ಸೊಲಾನಾ, ಇಥೀರಿಯಂ ಎರಡೂ ಬ್ಲಾಕ್‌ಚೈನ್‌ಗಳು, ಅಂದರೆ ಹಲವು ಕಂಪ್ಯೂಟರುಗಳು ಸೇರಿ ಇಡುವ ವಹಿವಾಟಿನ ಖಾತೆಗಳು; ಅಲ್ಲೂ ಇದೇ ಪಾಡು. ಸೊಲಾನಾ ಆ ಕಾಟಾವನ್ನೇ ದೊಡ್ಡದು ಮಾಡಿತು. ಇಥೀರಿಯಂನಲ್ಲಿ 12 ಸೆಕೆಂಡಿಗೊಂದು ಬ್ಲಾಕ್ (ವಹಿವಾಟುಗಳ ಕಂತೆ), ಸೊಲಾನಾದಲ್ಲಿ ಸುಮಾರು 400 ಮಿಲಿಸೆಕೆಂಡಿಗೊಂದು. ಒಂದಕ್ಕೊಂದು ಸಂಬಂಧವಿಲ್ಲದ ವಹಿವಾಟುಗಳು ಒಟ್ಟೊಟ್ಟಿಗೇ ನಡೆಯುತ್ತವೆ. ಆದರೆ ಅದಕ್ಕೆ ಭಾರೀ ಸರ್ವರ್ ಬೇಕು, ಮನೆಯ ಲ್ಯಾಪ್‌ಟಾಪ್ ಸಾಲದು. 2024ರ ಫೆಬ್ರವರಿ 6ರಂದು ಇಡೀ ಜಾಲವೇ ಸುಮಾರು 5 ತಾಸು ನಿಂತಿತ್ತು.

ಇಥೀರಿಯಂ ದಾರಿ ಬೇರೆ. ಹೆಚ್ಚಿನ ತೂಕವನ್ನು ಹೊರಗೆ, ಆರ್ಬಿಟ್ರಮ್‌ನಂಥ ರೋಲಪ್‌ಗಳಲ್ಲಿ (ಇಥೀರಿಯಂ ಮೇಲೆ ಕಟ್ಟಿದ ಉಪಜಾಲಗಳಲ್ಲಿ) ಮುಗಿಸಿ, ಅಡಕ ಮಾಡಿದ ಲೆಕ್ಕವನ್ನಷ್ಟೇ ಮುಖ್ಯ ಖಾತೆಗೆ ಹಾಕುತ್ತದೆ. 2024ರ ಮಾರ್ಚ್‌ನಲ್ಲಿ ಬ್ಲಾಬ್, ಅಂದರೆ ರೋಲಪ್ ಲೆಕ್ಕವನ್ನು ಅಗ್ಗವಾಗಿ ತಾತ್ಕಾಲಿಕವಾಗಿ ಇಡುವ ಜಾಗ, ಬಂದ ಮೇಲೆ ರೋಲಪ್ ಶುಲ್ಕ ಬಹಳ ಇಳಿಯಿತು. ನನ್ನ ಒಲವು ಇದರ ಕಡೆಗೇ: ಮುಖ್ಯ ಖಾತೆಯನ್ನು ಸಾಧಾರಣ ಕಂಪ್ಯೂಟರಿನಲ್ಲೂ ತಾಳೆ ನೋಡಬಹುದು. ಕೊರತೆಯೂ ಇದೆ, ಹೆಚ್ಚಿನ ರೋಲಪ್‌ಗಳಲ್ಲಿ ವಹಿವಾಟಿನ ಸರದಿ ನಿರ್ಧರಿಸುವುದು ಇನ್ನೂ ಒಂದೇ ಸಂಸ್ಥೆ.