ಪ್ರಶ್ನೋತ್ತರ: ನಿವೃತ್ತರ ಸಂಘಕ್ಕೆ ಯಾರು ಬರಬೇಕು, ಏಕೆ ಬರಬೇಕು?

ಉತ್ತರ ಕನ್ನಡ ಜಿಲ್ಲೆಯಿಂದ ಈ ಸಲ ಬಂದ ಐದು ಪತ್ರಗಳು ಬೇರೆ ಬೇರೆ ಊರಿನವಾದರೂ ನಿವೃತ್ತ ಸರ್ಕಾರಿ ನೌಕರರ ಸಂಘಗಳ ಸ್ಥಿತಿಗತಿಯನ್ನೇ ಕುರಿತಾಗಿದ್ದುದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ನಮ್ಮ ತಾಲ್ಲೂಕು ಸಂಘದ ಸದಸ್ಯರ ಪುಸ್ತಕದಲ್ಲಿ ಮುನ್ನೂರಕ್ಕೂ ಹೆಚ್ಚು ಹೆಸರುಗಳಿವೆ. ತಿಂಗಳ ಸಭೆಗೆ ಬರುವವರು ಹದಿನೈದು ಮಂದಿ. ಅವರಲ್ಲಿ ಹನ್ನೊಂದು ಮಂದಿ ಪದಾಧಿಕಾರಿಗಳು. ವರ್ಷಕ್ಕೊಮ್ಮೆ 75 ದಾಟಿದವರಿಗೆ ಸನ್ಮಾನ ಇಟ್ಟಾಗ ಮಾತ್ರ ಸಭಾಭವನ ತುಂಬುತ್ತದೆ. ಹೊಸದಾಗಿ ನಿವೃತ್ತರಾದವರು ಸದಸ್ಯರಾಗಲು ಒಪ್ಪುತ್ತಿಲ್ಲ. ಸಂಘವನ್ನು ಚುರುಕುಗೊಳಿಸುವುದು ಹೇಗೆ?
– ಕಾರ್ಯದರ್ಶಿಯೊಬ್ಬರು, ಶಿರಸಿ

ಉತ್ತರ: ಹದಿನೈದರಲ್ಲಿ ಹನ್ನೊಂದು ಎಂಬ ಲೆಕ್ಕವನ್ನು ಮುಚ್ಚಿಡದೆ ಬರೆದ ತಮಗೆ ನಾನು ಸ್ವಲ್ಪ ಕಟುವಾಗಿ ಉತ್ತರಿಸಿದರೂ ಬೇಸರವಾಗಲಾರದು ಎಂದುಕೊಳ್ಳುತ್ತೇನೆ. ಸನ್ಮಾನಕ್ಕೆ ನನ್ನ ವಿರೋಧವಿಲ್ಲ; ಮೂವತ್ತು ಮೂವತ್ತೈದು ವರ್ಷ ಕಡತಗಳ ನಡುವೆ ದುಡಿದು ಮನೆ ಸೇರಿದವರ ಹೆಗಲಿಗೆ ಒಂದು ಶಾಲು ಹೊದಿಸಿದರೆ ಅವರ ಮನೆಮಂದಿಗೂ ಸಂತೋಷವಾಗುತ್ತದೆ. ಆದರೆ ಶಾಲು, ಹಾರ, ಫಲತಾಂಬೂಲ ಪಡೆದವರು ಮರುವರ್ಷ ಮತ್ತೆ ಸಂಘದ ಮೆಟ್ಟಿಲು ಹತ್ತಲು ಏನು ಕಾರಣವಿದೆ? ಬೇರೊಬ್ಬರಿಗೆ ಶಾಲು ಹೊದಿಸುವುದನ್ನು ನೋಡಲು ಹುಲೇಕಲ್‌ನಿಂದಲೋ ಬನವಾಸಿಯಿಂದಲೋ ಬಸ್ಸು ಹಿಡಿದು ಬರುವಷ್ಟು ಪುರುಸೊತ್ತು, ನಿವೃತ್ತರಿಗೆ ಇದೆಯೆಂದು ನಾವು ತಿಳಿದಿದ್ದರೂ, ನಿಜವಾಗಿ ಇರುವುದಿಲ್ಲ. ತೋಟ, ಮೊಮ್ಮಕ್ಕಳು, ಮಂಡಿನೋವು ಎಲ್ಲವೂ ಇರುತ್ತವೆ.

ಹೊಸಬರಿಗೆ ಸಂಘಟನೆಯೇ ಬೇಡವಾಗಿದೆ ಎಂಬುದನ್ನು ನಾನು ಒಪ್ಪುವುದಿಲ್ಲ. ರಾಜ್ಯದ ಏಳನೇ ವೇತನ ಆಯೋಗದ ಪರಿಷ್ಕರಣೆಯನ್ನು 2022ರ ಜುಲೈ 1ರಿಂದ ಕಾಲ್ಪನಿಕವಾಗಿಯೂ (ಎಂದರೆ ಲೆಕ್ಕಕ್ಕೆ ಮಾತ್ರ, ಹಣ ಕೈಗೆ ಬಾರದಂತೆ), ಆರ್ಥಿಕ ಸೌಲಭ್ಯವನ್ನು 2024ರ ಆಗಸ್ಟ್ 1ರಿಂದಲೂ ಜಾರಿಗೊಳಿಸಿದಾಗ, ನಡುವಿನ 25 ತಿಂಗಳಲ್ಲಿ ನಿವೃತ್ತರಾದವರ ಪಿಂಚಣಿಯೇನೋ ಪರಿಷ್ಕೃತವಾಯಿತು. ಆದರೆ ಉಪದಾನ (ಗ್ರಾಚ್ಯುಟಿ), ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಒಟ್ಟಿಗೇ ಪಡೆಯುವ ಮೊತ್ತ), ಗಳಿಕೆ ರಜೆಯ ನಗದೀಕರಣಗಳು ಹಳೆಯ ವೇತನದ ಲೆಕ್ಕದಲ್ಲೇ ಉಳಿದವು. ಆ ಅವಧಿಯವರು ಯಾರೂ ಕರೆಯದೆಯೇ ಒಂದಾದರು, ತಮ್ಮದೇ ವೇದಿಕೆ ಕಟ್ಟಿಕೊಂಡರು, ಜಿಲ್ಲೆ ಜಿಲ್ಲೆಗಳಲ್ಲಿ ಮನವಿ ಕೊಟ್ಟರು, ಬೆಂಗಳೂರಿಗೆ ಹೋಗಿ ಧರಣಿ ಕುಳಿತರು. ಅವರೆಲ್ಲ ಅರವತ್ತು, ಅರವತ್ತೊಂದರ ವಯಸ್ಸಿನವರೇ. ತಮ್ಮ ಸಂಘಕ್ಕೆ ಬಾರದವರು ಅಲ್ಲಿಗೆ ಹೋದದ್ದು ಅಲ್ಲಿ ತಮ್ಮ ಕೆಲಸವಿದ್ದುದರಿಂದ.

ಆದ್ದರಿಂದ ನನ್ನ ಸಲಹೆ ಬಹಳ ಸಾಧಾರಣವಾದದ್ದು. ತಿಂಗಳ ಸಭೆಯನ್ನು ಸದ್ಯಕ್ಕೆ ಬದಿಗಿಡಿ. ಹಳ್ಳಿಯವರು ಹೇಗೂ ಪೇಟೆಗೆ ಬರುವ ಸಂತೆಯ ದಿನ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಒಂದು ಮೇಜು, ಎರಡು ಕುರ್ಚಿ, ಒಂದು ದಾಖಲೆ ಪುಸ್ತಕ ಇಟ್ಟುಕೊಂಡು ಇಬ್ಬರು ಕುಳಿತಿರಲಿ. ಒಬ್ಬರು ಖಜಾನೆಯಲ್ಲೋ ಲೆಕ್ಕಪತ್ರ ಶಾಖೆಯಲ್ಲೋ ಕೆಲಸ ಮಾಡಿದವರಿರಲಿ, ಇನ್ನೊಬ್ಬರು ಮೊಬೈಲ್ ಫೋನು ಬಲ್ಲವರಿರಲಿ. ಬಂದವರಿಗೆ ಭಾಷಣ ಬೇಡ. ಅವರ ಪಿಪಿಒ (ಪಿಂಚಣಿ ಪಾವತಿ ಆದೇಶ) ಪ್ರತಿಯನ್ನು, ಪಾಸ್‌ಬುಕ್ಕನ್ನು, ಆಧಾರ್ ಕಾರ್ಡನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಸಾಕು.

ಇಷ್ಟರಿಂದ ಏನಾದೀತು ಎಂದು ಕೇಳುವವರಿಗೆ ನಾನು ಖಜಾನೆಯಲ್ಲಿ ಕೆಲಸ ಮಾಡಿದ ಅನುಭವದಿಂದ ಹೇಳಬಲ್ಲೆ. ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಿಂದ ಪಿಪಿಒ ಬಂದ ದಿನ ಅದನ್ನು ಕಣ್ಣಿಗೊತ್ತಿಕೊಂಡು ಕಪಾಟಿನಲ್ಲಿಟ್ಟ ಬಹುಪಾಲು ನಿವೃತ್ತರು ಅದನ್ನು ಮತ್ತೆ ತೆರೆದು ನೋಡುವುದೇ ಇಲ್ಲ. ಅದರಲ್ಲಿ ಹೆಂಡತಿಯ ಹೆಸರು ‘ಗಂಗಾ’ ಎಂದಿರುತ್ತದೆ, ಆಧಾರ್‌ನಲ್ಲಿ ‘ಗಂಗಾಬಾಯಿ’ ಎಂದಿರುತ್ತದೆ, ಬ್ಯಾಂಕಿನ ಖಾತೆಯಲ್ಲಿ ಅಡ್ಡಹೆಸರು ಸೇರಿ ಮೂರನೆಯದೊಂದು ಹೆಸರಾಗಿರುತ್ತದೆ. ಹಳೆಯ ಪಿಪಿಒಗಳಲ್ಲಿ ಆಕೆಯ ಜನ್ಮದಿನಾಂಕವೇ ಇರುವುದಿಲ್ಲ. ಗಂಡನ ನಂತರ ಕುಟುಂಬ ಪಿಂಚಣಿ ಪಡೆಯುವ ಆಕೆಗೆ 80 ತುಂಬಿದಾಗ ಸಿಗಬೇಕಾದ ಹೆಚ್ಚುವರಿ ಪಿಂಚಣಿ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ಪಿಂಚಣಿದಾರರು ಬದುಕಿರುವಾಗ ನಿವೃತ್ತರಾದ ಕಚೇರಿಯ ಮೂಲಕ ಒಂದು ಅರ್ಜಿ ಕೊಟ್ಟು ಸರಿಪಡಿಸಿಕೊಳ್ಳಬಹುದಾದ ಈ ದೋಷ, ಅವರು ಹೋದ ಮೇಲೆ ಪ್ರಮಾಣಪತ್ರ, ಅಫಿಡವಿಟ್, ಸಾಕ್ಷಿ ಎಂದು ತಿಂಗಳುಗಟ್ಟಲೆ ಅಲೆದಾಟವಾಗುತ್ತದೆ. ಕಮ್ಯುಟೇಶನ್ ಪಡೆದವರ ಕಡಿತವೂ ಹೀಗೆಯೇ: 15 ವರ್ಷ ತುಂಬಿದ ಮೇಲೆ ಪೂರ್ಣ ಪಿಂಚಣಿ ಮರುಸ್ಥಾಪನೆಯಾಗಬೇಕು, 2010ರಲ್ಲಿ ಪಡೆದವರಿಗೆ 2025ರಲ್ಲಿ. ಆಯಿತೇ ಎಂದು ಪಾಸ್‌ಬುಕ್ ನೋಡಿ ಹೇಳುವವರು ಬೇಕು. ಒಬ್ಬರಿಗೆ ಒಮ್ಮೆ ನಿಂತುಹೋದ ಸಾವಿರಾರು ರೂಪಾಯಿ ಮರಳಿ ಬರತೊಡಗಿದರೆ ಆ ಸುದ್ದಿ ಸಂಘದ ಯಾವ ಕರಪತ್ರಕ್ಕಿಂತಲೂ ಬೇಗ ಊರೂರು ತಿರುಗುತ್ತದೆ.

ವರ್ಷದ ಕೆಲಸವನ್ನು ಮಳೆಗಾಲ ನೋಡಿಕೊಂಡು ಹಂಚಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲಿನ ಹಿರಿಯರನ್ನು ಸಭೆಗೆ ಕರೆಯುವುದು ನ್ಯಾಯವಲ್ಲ. ಆಗ ಫೋನಿನ ಕೆಲಸ ಮಾತ್ರ ಇರಲಿ. ನವೆಂಬರ್ ಬಂದರೆ, ಪಿಂಚಣಿದಾರರು ಬದುಕಿದ್ದಾರೆಂದು ವರ್ಷಕ್ಕೊಮ್ಮೆ ತೋರಿಸುವ ಜೀವಂತ ಪ್ರಮಾಣಪತ್ರದ ಕಾಲ. 2014ರಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಈಗ ಮೊಬೈಲ್‌ನಲ್ಲಿ ಮುಖ ತೋರಿಸಿಯೇ ಪ್ರಮಾಣಪತ್ರ ಸಲ್ಲಿಸಬಹುದು. ಅಂಚೆಯವರೂ ಮನೆಗೆ ಬಂದು ಮಾಡಿಕೊಡುತ್ತಾರೆ. ಅಡಿಕೆ ಸುಲಿದು ಬೆರಳಿನ ಗೆರೆಯೇ ಅಳಿಸಿಹೋದವರಿಗೆ ಬೆರಳಚ್ಚು ಯಂತ್ರ ಎಷ್ಟು ಸತಾಯಿಸುತ್ತದೆಂಬುದು ತಮ್ಮ ಸೀಮೆಯಲ್ಲಿ ಯಾರಿಗೂ ಹೊಸತಲ್ಲ. ಆ ತಿಂಗಳು ಹಾಸಿಗೆ ಹಿಡಿದ ಹತ್ತು ಸದಸ್ಯರ ಮನೆಗೆ ಸಂಘದವರು ಹೋಗಿ ಬಂದರೆ ಅದೇ ಸನ್ಮಾನ. ಆ ಕೆಲಸವನ್ನು ಹೊಸದಾಗಿ ನಿವೃತ್ತರಾದವರಿಗೇ ಒಪ್ಪಿಸಿ; ಅರವತ್ತರವರನ್ನು ಪ್ರೇಕ್ಷಕರನ್ನಾಗಿ ಕೂರಿಸಿದರೆ ಅವರು ಎದ್ದು ಹೋಗುವುದು ಸಹಜ.

ಲೆಕ್ಕಪತ್ರದ ಬಗ್ಗೆ ಎರಡೇ ಮಾತು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ನೋಂದಣಿಯಾದ ಸಂಘವು ವಾರ್ಷಿಕ ಮಹಾಸಭೆ ನಡೆಸಿ, ಲೆಕ್ಕಪರಿಶೋಧನೆಯಾದ ಜಮಾ-ಖರ್ಚನ್ನೂ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಜೀವನವಿಡೀ ಇತರರಿಂದ ಲೆಕ್ಕ ಕೇಳಿದವರ ಸಂಘದಲ್ಲೇ ಇದು ಬಾಕಿ ಉಳಿಯುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ.

ಪ್ರಶ್ನೆ: ನನ್ನ ಯಜಮಾನರು ಸಂಘದ ಆಜೀವ ಸದಸ್ಯರಾಗಿದ್ದರು. ಅವರು ತೀರಿಕೊಂಡಾಗ ಸಂಘದವರು ಬಂದು ಶ್ರದ್ಧಾಂಜಲಿ ಸಲ್ಲಿಸಿದರು. ಆಮೇಲೆ ಒಂದು ನೋಟಿಸೂ ಬಂದಿಲ್ಲ. ಕುಟುಂಬ ಪಿಂಚಣಿಗಾಗಿ ನಾನು ಏಳು ತಿಂಗಳು ಅಲೆದೆ. ನನ್ನಂಥವರಿಗೆ ಸಂಘದಲ್ಲಿ ಜಾಗವಿಲ್ಲವೇ?
– ಓದುಗರೊಬ್ಬರು, ಕುಮಟಾ

ಉತ್ತರ: ಜಾಗ ಇರಲೇಬೇಕು. ಈ ಐದು ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ತಮ್ಮದೇ. ಸದಸ್ಯರೊಬ್ಬರು ತೀರಿಕೊಂಡರೆ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ದಿನಾಂಕ ಬರೆದು ಗೆರೆ ಎಳೆಯುವುದು ಬಹಳ ಸಂಘಗಳ ರೂಢಿ. ಆ ಮನೆಗೆ ಸಂಘದ ಅಗತ್ಯ ಶುರುವಾಗುವುದು ಆ ದಿನಾಂಕದಿಂದಲೇ ಎಂಬುದು ಗೆರೆ ಎಳೆದವರಿಗೆ ಹೊಳೆದಿರುವುದಿಲ್ಲ. ಶಿರಸಿಯ ಕಾರ್ಯದರ್ಶಿಯವರೂ ಇದನ್ನು ಓದಲಿ: ಸಂಘ ಕ್ಷೀಣಿಸುತ್ತಿದೆ ಎಂದು ಕೊರಗುವವರು ತಮ್ಮ ತಾಲ್ಲೂಕಿನ ಕುಟುಂಬ ಪಿಂಚಣಿದಾರರನ್ನು ಒಮ್ಮೆ ಎಣಿಸಿ ನೋಡಲಿ. ಅವರನ್ನೆಲ್ಲ ಹೊರಗಿಟ್ಟು ಸಂಘ ಉಳಿಸಿಕೊಳ್ಳುವ ಮಾತನಾಡುವುದು ನನಗೆ ಅರ್ಥವಾಗುವುದಿಲ್ಲ.

ತಮ್ಮ ಸಂಘದ ನಿಯಮಾವಳಿಯ ‘ಸದಸ್ಯತ್ವ’ ಎಂಬ ಭಾಗವನ್ನು ಕೇಳಿ ಪಡೆದು ಓದಿ. ಅದರಲ್ಲಿ ‘ನಿವೃತ್ತ ನೌಕರರು’ ಎಂದಷ್ಟೇ ಇದ್ದರೆ ‘ಮತ್ತು ಕುಟುಂಬ ಪಿಂಚಣಿದಾರರು’ ಎಂದು ಸೇರಿಸುವ ಠರಾವನ್ನು ಮಹಾಸಭೆಯಲ್ಲಿ ಅಂಗೀಕರಿಸಿ ನೋಂದಣಾಧಿಕಾರಿಗೆ ಕಳುಹಿಸಬೇಕು. ಮತದಾನದ ಹಕ್ಕಿಲ್ಲದ ‘ಗೌರವ ಸದಸ್ಯತ್ವ’ ಕೊಡುತ್ತೇವೆಂದರೆ ದಯವಿಟ್ಟು ಒಪ್ಪಬೇಡಿ. ಕಾರ್ಯಕಾರಿ ಸಮಿತಿಯಲ್ಲಿ ಒಬ್ಬ ಕುಟುಂಬ ಪಿಂಚಣಿದಾರರಿದ್ದರೆ ಚರ್ಚೆಯ ವಿಷಯಗಳೇ ಬದಲಾಗುತ್ತವೆ.

ತಮ್ಮ ಹಾಗೆ ಇನ್ನೊಬ್ಬರು ಅಲೆಯಬಾರದೆಂದು ಎರಡು ವಿಷಯಗಳನ್ನು ಇಲ್ಲಿಯೇ ಹೇಳುತ್ತೇನೆ. ಪಿಂಚಣಿದಾರರು ತೀರಿಕೊಂಡ ಸುದ್ದಿಯನ್ನು ಬ್ಯಾಂಕಿಗೆ ಕೂಡಲೇ ಲಿಖಿತವಾಗಿ ತಿಳಿಸಬೇಕು. ಮಗನೋ ಮಗಳೋ ತಿಳಿಯದೆ ಎಟಿಎಂ ಕಾರ್ಡಿನಿಂದ ಹಣ ತೆಗೆಯುತ್ತಾ ಹೋದರೆ, ನಿಧನಾನಂತರ ಜಮೆಯಾದ ಪಿಂಚಣಿಯನ್ನು ಬ್ಯಾಂಕು ಮರಳಿ ವಸೂಲು ಮಾಡುತ್ತದೆ. ದುಃಖದ ಮನೆಗೆ ಅದು ಇನ್ನೊಂದು ಅವಮಾನ. ಇನ್ನು ಸಾಮಾನ್ಯ ದರದ ಕುಟುಂಬ ಪಿಂಚಣಿ ಕೊನೆಯ ಮೂಲವೇತನದ ಶೇ. 30ರಷ್ಟಿರುತ್ತದೆ, ಎಂದರೆ ಮನೆಯ ಆದಾಯ ಒಮ್ಮೆಲೇ ಇಳಿಯುತ್ತದೆ. ಗಂಡನ ಪಿಂಚಣಿ ಎಷ್ಟೆಂಬುದೇ ಗೊತ್ತಿರದ ಗೃಹಿಣಿಯರು ಇಂದಿಗೂ ಬಹಳ ಇದ್ದಾರೆ. ನಿವೃತ್ತರು ಸಂಘದ ಮೇಜಿಗೆ ಬರುವಾಗ ಮನೆಯವರನ್ನೂ ಕರೆದುಕೊಂಡೇ ಬರಬೇಕೆಂಬ ನಿಯಮವನ್ನು ನಾನಾದರೆ ಮಾಡುತ್ತಿದ್ದೆ.

ಪ್ರಶ್ನೆ: 2006ರ ನಂತರ ಕೆಲಸಕ್ಕೆ ಸೇರಿ ಎನ್‌ಪಿಎಸ್‌ನಲ್ಲಿ (ವಂತಿಗೆ ಆಧಾರಿತ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಲ್ಲಿ) ನಿವೃತ್ತನಾಗಿದ್ದೇನೆ. ಸಂಘದಲ್ಲಿ ಯಾವಾಗಲೂ ಡಿಎ (ತುಟ್ಟಿಭತ್ಯೆ), ಪಿಪಿಒ ಎಂಬ ಮಾತೇ. ನನಗೆ ಅಲ್ಲಿ ಏನು ಕೆಲಸ?
– ಓದುಗರೊಬ್ಬರು, ಕಾರವಾರ

ಉತ್ತರ: ಇಂದು ಕಡಿಮೆ, ಮುಂದೆ ಬಹಳ. 2006ರ ಏಪ್ರಿಲ್ 1ರಿಂದ ರಾಜ್ಯ ಸೇವೆಗೆ ಸೇರಿದವರು ಎನ್‌ಪಿಎಸ್‌ಗೆ ಒಳಪಟ್ಟಿರುವುದರಿಂದ, ಇನ್ನು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಹೊಸದಾಗಿ ನಿವೃತ್ತರಾಗುವವರು ಹೆಚ್ಚುಕಡಿಮೆ ಎಲ್ಲರೂ ತಮ್ಮಂಥವರೇ ಆಗಿರುತ್ತಾರೆ. ಹಳೆಯ ಪಿಂಚಣಿಯ ಭಾಷೆಯನ್ನಷ್ಟೇ ಬಲ್ಲ ಸಂಘ ಆಗ ತಾನಾಗಿಯೇ ಮುಚ್ಚುತ್ತದೆ. ಈಗಲೇ ಒಳಗೆ ಹೋಗಿ ಅದಕ್ಕೆ ಹೊಸ ಪಾಠ ಕಲಿಸಬೇಕಾದವರು ತಾವು. ನಿವೃತ್ತಿಯ ವೇಳೆ ಒಟ್ಟು ನಿಧಿಯ ಕನಿಷ್ಠ ಶೇ. 40ರಿಂದ ವರ್ಷಾಶನ (ಆನ್ಯುಯಿಟಿ, ಎಂದರೆ ಪಿಂಚಣಿಯಂತೆ ನಿಯಮಿತವಾಗಿ ಹಣ ಕೊಡುವ ವಿಮಾ ಯೋಜನೆ) ಕೊಳ್ಳಬೇಕಾದಾಗ ಯಾವ ಬಗೆಯದನ್ನು ಆರಿಸಿಕೊಂಡಿರಿ ಎಂಬುದರ ಮೇಲೆ, ತಮ್ಮ ನಂತರ ಅದು ಪತ್ನಿಗೆ ಮುಂದುವರಿಯುವುದೋ ನಿಂತುಹೋಗುವುದೋ ತೀರ್ಮಾನವಾಗುತ್ತದೆ. ಇದನ್ನು ನಿವೃತ್ತಿಗೆ ಆರು ತಿಂಗಳ ಮೊದಲೇ ತಿಳಿಸಿ ಹೇಳುವವರು ಕಾರವಾರದ ಕಚೇರಿಗಳಲ್ಲಿ ಎಷ್ಟು ಮಂದಿಗೆ ಸಿಗುತ್ತಾರೆ? ಸೇವೆಯಲ್ಲಿರುವ ಕೊನೆಯ ವರ್ಷದವರನ್ನು ಸಂಘಕ್ಕೆ ಕರೆದು ತಾವೇ ಒಂದು ಗಂಟೆ ಕುಳಿತು ವಿವರಿಸಿ. ಸದಸ್ಯರು ಬರುವ ಬಾಗಿಲೂ ಅದೇ.

ಪ್ರಶ್ನೆ: ಸಂಘದ ವಾಟ್ಸಾಪ್ ಗುಂಪಿನಲ್ಲಿ ಶುಭೋದಯ, ರಾಜಕೀಯ, ಜಗಳ. ಮೂವತ್ತು ಮಂದಿ ಹೊರನಡೆದರು. ಏನು ಮಾಡಬೇಕು?
– ಸದಸ್ಯರೊಬ್ಬರು, ಯಲ್ಲಾಪುರ

ಉತ್ತರ: ಎರಡು ಗುಂಪು ಮಾಡಿ. ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತಿರಲಿ. ಅಲ್ಲಿ ತುಟ್ಟಿಭತ್ಯೆಯ ಆದೇಶ, ಸಭೆಯ ದಿನ, ನಿಧನವಾರ್ತೆ, ವಂಚನೆಯ ಎಚ್ಚರಿಕೆ ಇಷ್ಟೇ ಬರಲಿ. ಜೀವಂತ ಪ್ರಮಾಣಪತ್ರ ನವೀಕರಿಸುತ್ತೇವೆಂದು ಫೋನು ಮಾಡಿ ಒಟಿಪಿ ಕೇಳುವವರು ಹಿರಿಯರನ್ನೇ ಗುರಿ ಮಾಡುತ್ತಿರುವುದರಿಂದ, ಸೈಬರ್ ವಂಚನೆಯ ಸಹಾಯವಾಣಿ 1930ನ್ನು ಆ ಗುಂಪಿನ ವಿವರಣೆಯಲ್ಲೇ ಬರೆದಿಡಿ. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೆ ಓಡಬೇಕಾದ ಸ್ಥಿತಿ ಇರುವಷ್ಟು ಕಾಲ, ಆ ಊರುಗಳಲ್ಲಿ ನೆಲೆಸಿರುವ ಸದಸ್ಯರ ಮಕ್ಕಳಲ್ಲಿ ನೆರವಾಗಲು ಒಪ್ಪಿದವರ ಪಟ್ಟಿಯೊಂದು ಅಡ್ಮಿನ್‌ಗಳ ಬಳಿ ಇರಲಿ. ಶುಭೋದಯದವರಿಗೆ ಎರಡನೆಯ ಗುಂಪು. ಅದನ್ನು ಮುಚ್ಚಬೇಡಿ, ಒಂಟಿಯಾಗಿರುವ ಕೆಲವರಿಗೆ ದಿನದಲ್ಲಿ ಬರುವ ಮಾತು ಅದೊಂದೇ.

ಪ್ರಶ್ನೆ: ಡಿಸೆಂಬರ್ 17ರಂದು ಪಿಂಚಣಿದಾರರ ದಿನ ಆಚರಿಸುತ್ತೇವೆ. ಆ ದಿನದ ಹಿನ್ನೆಲೆ ಏನು? ಈ ಸಲ ಹೊಸದೇನು ಮಾಡಬಹುದು?
– ಅಧ್ಯಕ್ಷರೊಬ್ಬರು, ಹೊನ್ನಾವರ

ಉತ್ತರ: 1982ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಡಿ. ಎಸ್. ನಕಾರಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕೇಂದ್ರ ಸರ್ಕಾರ ಉದಾರಗೊಳಿಸಿದ ಪಿಂಚಣಿ ಸೂತ್ರವನ್ನು 1979ರ ಮಾರ್ಚ್ 31ರಂದು ಅಥವಾ ಆಮೇಲೆ ನಿವೃತ್ತರಾದವರಿಗೆ ಮಾತ್ರ ಅನ್ವಯಿಸಿ, ಮೊದಲೇ ನಿವೃತ್ತರಾದವರನ್ನು ಹೊರಗಿಟ್ಟಿದ್ದನ್ನು ಪೀಠ ಒಪ್ಪಲಿಲ್ಲ. ಪಿಂಚಣಿಯು ಸರ್ಕಾರದ ಮರ್ಜಿಯ ದಾನವಲ್ಲ, ಸಲ್ಲಿಸಿದ ಸೇವೆಗೆ ದೊರೆಯುವ ಹಕ್ಕು ಎಂಬ ನಿಲುವು ಅಂದು ಗಟ್ಟಿಯಾಯಿತು. ನಿವೃತ್ತಿಯ ದಿನಾಂಕದ ಮೇಲೆ ಗೆರೆ ಎಳೆಯುವುದರ ವಿರುದ್ಧ ನಡೆದ ಆ ವ್ಯಾಜ್ಯವನ್ನು ಮೇಲೆ ಹೇಳಿದ 25 ತಿಂಗಳವರ ಎದುರು ವಿವರಿಸಿದರೆ ಅವರು ಕಿವಿಗೊಟ್ಟು ಕೇಳುತ್ತಾರೆ. ಎರಡೂ ಒಂದೇ ಪ್ರಕರಣವಲ್ಲ ಎಂಬುದನ್ನೂ ಹೇಳಿ. ಸುಳ್ಳು ಆಸೆ ಹುಟ್ಟಿಸುವುದು ಬೇಡ.

ಹೊಸದೇನು ಎಂದರೆ, ಈ ಸಲ ವೇದಿಕೆಯ ಮೇಲೆ ಒಂಬತ್ತು ಕುರ್ಚಿಗಳ ಬದಲು ಮೂರು ಹಾಕಿ, ಅಧ್ಯಕ್ಷತೆಗೆ ಕುಟುಂಬ ಪಿಂಚಣಿದಾರರೊಬ್ಬರನ್ನು ಕರೆಯಿರಿ. ಆಮಂತ್ರಣದ ಕೆಳಗೆ ‘ಬರುವಾಗ ಪಿಪಿಒ, ಆಧಾರ್, ಪಾಸ್‌ಬುಕ್‌ಗಳನ್ನು ತರಬೇಕು, ದಂಪತಿಗಳು ಜೊತೆಯಲ್ಲೇ ಬರಬೇಕು’ ಎಂದು ಅಚ್ಚು ಹಾಕಿಸಿ. ಹಾರ, ಶಾಲುಗಳಿಗೆ ಇಟ್ಟ ಹಣದಲ್ಲಿ ಆ ದಿನದ ಮಟ್ಟಿಗೆ ಒಂದು ಜೆರಾಕ್ಸ್ ಯಂತ್ರವನ್ನು ಬಾಡಿಗೆಗೆ ತಂದು ಸಭಾಭವನದ ಬಾಗಿಲಲ್ಲೇ ಇಡಿ; ಹೊನ್ನಾವರದಲ್ಲಿ ಕರೆಂಟು ಹೋಗುವ ಹೊತ್ತು ತಮಗೆ ಗೊತ್ತಿರುವುದರಿಂದ ಜನರೇಟರಿಗೂ ಮೊದಲೇ ಹೇಳಿಡಿ.