ಕೂಸಿಗೆ ಆ ರೋಗ ಹಚ್ಚಬೇಡಿ

ನಮಸ್ಕಾರ. ನಿಮ್ಮ ಕಥೆ ಓದಿದೆ. 1930ರ ಸುಮಾರು, ಪಾವಗಡ ಕಡೆಯ ಹಳ್ಳಿ, ಕುಷ್ಠ ಬಂದ ಬಸುರಿಯನ್ನು ಊರಾಚೆ ಗುಡಿಸಲಲ್ಲಿ ಇಟ್ಟಿದ್ದಾರೆ. ಭಾಷೆ ಚೆನ್ನಾಗಿದೆ, ಇಂಥ ವಿಷಯಕ್ಕೆ ಕೈ ಹಾಕಿದ್ದಕ್ಕೆ ಶಹಬ್ಬಾಸ್. ಆದರೆ ಹೆರಿಗೆಯ ಪುಟ ಓದಿ ರೇಗಿಹೋಯಿತು.

"ಹುಟ್ಟಿದ ಕೂಸಿನ ಮೈತುಂಬ ಅವ್ವನ ರೋಗದ ಗಾಯಗಳಿದ್ದವು" ಅಂತ ಬರೆದಿದ್ದೀರಿ. ಇದನ್ನು ಅತ್ತೆಯ ಬಾಯಲ್ಲಿ ಹೇಳಿಸಿದ್ದರೆ ನಾನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹೆತ್ತವರ ಶುಕ್ರ, ಶೋಣಿತ, ಅಂದರೆ ಅಪ್ಪನ ವೀರ್ಯ, ಅವ್ವನ ರಕ್ತ ಕೆಟ್ಟರೆ ಮಗುವಿಗೂ ಕುಷ್ಠ ಅಂತ ಸುಶ್ರುತ ಸಂಹಿತೆಯಲ್ಲೇ ಇದೆ. ಮುಟ್ಟಿನಲ್ಲಿ ಕೂಡಿದರೆ ಕುಷ್ಠದ ಮಗು ಹುಟ್ಟುತ್ತದೆ ಅಂತ ಹಿಂದೆ ಯುರೋಪಿನವರೂ ನಂಬಿದ್ದರು. ನಾರ್ವೆಯ ದೊಡ್ಡ ಡಾಕ್ಟರು ಡೇನಿಯಲ್ಸನ್ ಕೂಡ ಇದು ವಂಶದ ಕಾಯಿಲೆ ಎಂದೇ ಸಾರಿದರು. 1873ರಲ್ಲಿ ರೋಗಾಣು ಕಂಡು ಆ ಮಾತನ್ನು ಅಲುಗಾಡಿಸಿದ್ದು ಅವರ ಅಳಿಯ ಹ್ಯಾನ್ಸನ್ನೇ! ನಿಮ್ಮ ಊರಿನವರು 1930ರಲ್ಲೂ ಹಳೆಯದನ್ನೇ ನಂಬಲಿ, ತಕರಾರಿಲ್ಲ. ಆದರೆ ಈ ವಾಕ್ಯ ಊರಿನವರದಲ್ಲ, ನಿಮ್ಮದು. ಕಥೆ ಹೇಳುವವರೇ ಗಾಯ ಕಂಡೆ ಅಂದರೆ ಆಕೆಯನ್ನು ಹೊರಗಿಟ್ಟಿದ್ದು ಸರಿ ಅಂತಾಗುತ್ತದೆ, ಅಲ್ವಾ? ಈ ರೋಗಾಣು ಬಲು ನಿಧಾನ. ಸೋಂಕು ತಗುಲಿದರೂ ಮಚ್ಚೆ ಕಾಣೋಕೆ ಸಾಮಾನ್ಯವಾಗಿ ವರ್ಷಗಳೇ ಬೇಕು. ಯಾವ ಕೂಸೂ ಈ ಗಾಯ ಹೊತ್ತು ಹುಟ್ಟುವುದಿಲ್ಲ.

ಮುಂದಿನ ಸಾಲು: "ಹೆರಿಗೆಯಾದ ಮೇಲೆ ರೋಗ ಜಾಸ್ತಿಯಾಯಿತು, ಅದು ದೇವರ ಶಾಪ." ಶಾಪ ಹೊಡೆದುಹಾಕಿ, ಜಾಸ್ತಿಯಾಗಿದ್ದು ಇರಲಿ. ಬಸುರಿನಲ್ಲಿ ತಗ್ಗಿದ್ದ ರೋಗನಿರೋಧಕ ಶಕ್ತಿ ಬಾಣಂತನದಲ್ಲಿ ಮರಳುವಾಗ ನರ ಊದಿ ಕೈ ಸೋಲುವುದುಂಟು. ಆ ಕೈಯೇ ನಿಮ್ಮ ಕಥೆಯಲ್ಲಿಲ್ಲ.

ನಾನು ತುಮಕೂರಿನ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ, ನನ್ನ ಬರಹದಲ್ಲಿ ಗೋಳು ಬಂದಲ್ಲೆಲ್ಲ ಸಂಪಾದಕರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗೀಚುತ್ತಿದ್ದರು: "ಕೈ ಏನು ಮಾಡ್ತಿತ್ತು?" ಉತ್ತರ ಬರೆಯದೆ ಹಾಳೆ ಅಚ್ಚಿಗೆ ಹೋಗುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು. ಮನೆಗೆ ಹೋಗಿ, ಅವ್ವ ಬಿಸಿ ಮುದ್ದೆ ಕಟ್ಟುವಾಗ ಬೆರಳು ನೀರಿಗೆ ಅದ್ದುವುದನ್ನು ಸುಮ್ನೆ ನೋಡುತ್ತಾ ಕೂರುತ್ತಿದ್ದೆ.

ಈಗ ನಿಮ್ಮನ್ನು ಕೇಳುತ್ತೇನೆ. ಬಾಣಂತಿ ಕೂಸಿನ ಸ್ನಾನಕ್ಕೆ ನೀರಿನ ಹದ ನೋಡಬೇಕು. ಕೈ ಜೋಮು ಹಿಡಿದಿದೆ, ಸುಟ್ಟರೂ ತಿಳಿಯುವುದಿಲ್ಲ. ಮೊಣಕೈ ಅದ್ದುತ್ತಾಳಾ? ಸೂಲಗಿತ್ತಿಯನ್ನು ಕೂಗುತ್ತಾಳಾ? ನಿಮ್ಮ ಸೂಲಗಿತ್ತಿಯೋ, ಹೆರಿಗೆ ಬಿಟ್ಟು ಅರ್ಧ ಪುಟ ಭಾಷಣ ಬಿಗಿಯುತ್ತಾಳೆ. ಸಾವಿರಾರು ಹೆರಿಗೆ ಮಾಡಿಸಿದ ಪದ್ಮಶ್ರೀ ನರಸಮ್ಮನವರ ತಾಲ್ಲೂಕಿನ ಓದುಗರು ಇದನ್ನು ಒಪ್ಪುತ್ತಾರಾ!

ಹೆರಿಗೆಯ ಪುಟವನ್ನಷ್ಟೇ ಮತ್ತೆ ಬರೆದು ಕಳಿಸಿ. ಮಿಕ್ಕ ಕಡೆ ಕಾಗುಣಿತ ನಾನೇ ನೋಡಿಕೊಳ್ಳುತ್ತೇನೆ.